ಟ್ಯಾಂಕಿನ ತಳದ ನೀರು

ಪೆಟ್ರೋಲಿಗೆ ನೀರು ಸೇರಿತ್ತು. ಅದರ ಫಲವನ್ನು ಅನುಭವಿಸಿದವರು ಅದನ್ನು ಮಾರಿದವರಲ್ಲ. ಅವರ ಬಂಕು ಮರುದಿನವೂ ತೆರೆದಿತ್ತು, ಇವತ್ತಿಗೂ ತೆರೆದಿದೆ. ಅನುಭವಿಸಿದವನು ರಾಮಮೂರ್ತಿ ನಗರದಲ್ಲಿ ನನ್ನ ಪಕ್ಕದ ಕೋಣೆಯಲ್ಲಿ ಹೆಂಡತಿಯೊಡನೆ ಬಾಡಿಗೆಗಿದ್ದ, ಯಾದಗಿರಿ ಸೀಮೆಯ ಒಬ್ಬ ಡೆಲಿವರಿ ಸವಾರ. ಸೋಮವಾರ ಅವನ ಬೈಕು ಸ್ಟಾರ್ಟ್ ಆಗಲಿಲ್ಲ. ಗುರುವಾರ ಅವನಿಗೆ ಕೆಲಸವಿರಲಿಲ್ಲ. ಆ ನಾಲ್ಕು ದಿನವೂ ನಾನು ಅವನ ಜೊತೆಗಿದ್ದೆ. ಕೈಯಲ್ಲಿ ಸ್ಪ್ಯಾನರಿತ್ತು, ಬಾಯಲ್ಲಿ ಸಲಹೆಯಿತ್ತು. ಸ್ಪ್ಯಾನರಿನಿಂದ ಆದ ಹಾನಿ ಸಣ್ಣದು.

ನಮ್ಮದು ಮೂರು ಅಂತಸ್ತಿನ ಕಟ್ಟಡ. ಅಂತಸ್ತಿಗೆ ನಾಲ್ಕು ಕೋಣೆ, ನಾಲ್ಕಕ್ಕೂ ಸೇರಿ ಒಂದು ನಲ್ಲಿ, ಮೆಟ್ಟಿಲ ಕೆಳಗೆ ಬೈಕುಗಳು. ಗುತ್ತಿಗೆ ಕಾರ್ಮಿಕರ ದೂರುಗಳನ್ನು ಬರೆದುಕೊಡುವ ಒಂದು ಸಣ್ಣ ಸಂಘಟನೆಯಲ್ಲಿ ನಾನು ಕೆಲಸ ಮಾಡುತ್ತೇನೆ. ಕಚೇರಿ ಇರುವುದು ಕಂಟೋನ್ಮೆಂಟಿನಲ್ಲಿ. ದೂರು ಕೊಡುವವರ ನಡುವೆಯೇ ವಾಸಿಸಬೇಕೆಂಬ ಹಟದಿಂದ ಇಲ್ಲಿ ಕೋಣೆ ಹಿಡಿದಿದ್ದೆ. ಆ ಹಟದಲ್ಲಿ ಸ್ವಲ್ಪ ಅಹಂಕಾರವೂ ಬೆರೆತಿತ್ತೆಂದು ಈಗ ತೋರುತ್ತದೆ.

ಸವಾರನ ಬದುಕು ಎರಡು ವಸ್ತುಗಳನ್ನು ನಂಬಿಕೊಂಡಿತ್ತು. ಒಂದು, ಸೋದರಮಾವ ಓಡಿಸಿ ಬಿಟ್ಟ ಹಳೆಯ ಬೈಕು. ಇನ್ನೊಂದು, ಫೋನಿನೊಳಗಿನ ಐಡಿ. ಕಂಪನಿಯ ಆ್ಯಪಿನಲ್ಲಿ ಹೆಸರು, ಮುಖ, ಆಧಾರ್ ಸಂಖ್ಯೆ ಎಲ್ಲ ಸೇರಿ ಆದ ಖಾತೆಯನ್ನು ಸವಾರರು ಹಾಗೆ ಕರೆಯುತ್ತಾರೆ. ಐಡಿ ತೆರೆದಿದ್ದರೆ ಆರ್ಡರು ಬರುತ್ತದೆ, ಕಂಪನಿ ಅದನ್ನು ಮುಚ್ಚಿದರೆ ಬರುವುದಿಲ್ಲ. ನೇಮಕಾತಿ ಪತ್ರವಿಲ್ಲ, ವಜಾ ಪತ್ರವೂ ಇಲ್ಲ. ಒಬ್ಬ ಮನುಷ್ಯನನ್ನು ಹೀಗೆ ಕೆಲಸಕ್ಕೆ ಇಟ್ಟುಕೊಳ್ಳುವುದು ಮೊದಲ ತಪ್ಪು. ಉಳಿದ ತಪ್ಪುಗಳೆಲ್ಲ ಇದರ ನೆರಳಿನಲ್ಲಿ ನಡೆದವು.

ಆ ಭಾನುವಾರ ಮಧ್ಯಾಹ್ನದಿಂದ ಸಂಜೆಯವರೆಗೆ ಮಳೆ ಸುರಿದಿತ್ತು. ನಮ್ಮ ಕಡೆ ತಗ್ಗಿನಲ್ಲಿರುವ ಒಂದು ಬಂಕಿನ ಅಂಗಳದಲ್ಲಿ ಪಾದ ಮುಳುಗುವಷ್ಟು ನೀರು ನಿಂತಿತ್ತು. ಮಳೆ ಬಿಟ್ಟ ಮೇಲೆ ಸವಾರ ಅಲ್ಲಿ ಒಂದು ಲೀಟರ್ ಪೆಟ್ರೋಲು ಹಾಕಿಸಿಕೊಂಡು ಮನೆಗೆ ಬಂದಿದ್ದ. ಅವನು ಯಾವತ್ತೂ ಹಾಕಿಸುತ್ತಿದ್ದುದು ಅಷ್ಟೇ. ಮರುದಿನ ಬೆಳಗ್ಗೆ ಕಿಕ್ ಒದೆಯುವ ಸದ್ದಿಗೆ ನನಗೆ ಎಚ್ಚರವಾಯಿತು. ಸದ್ದು ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು, ಪ್ರತಿ ಸಲವೂ ಹಿಂದಿನದಕ್ಕಿಂತ ಸೋತಿರುತ್ತಿತ್ತು. ಕೆಳಗಿಳಿದು ಬಂದು ಏನಾಯಿತೆಂದು ಕೇಳಿದೆ.

"ಚಾಲೂ ಆಗವಲ್ದು ನೋಡ್ರಿ ಅಕ್ಕಾರ. ನಿನ್ನಿ ಮನಿಗಿ ಬರೂತನ ಚಲೋ ಇತ್ತು. ಒದ್ದು ಒದ್ದು ನನ್ನ ಕಾಲೇ ಚಾಲೂ ಆಗದಂಗ ಆಗ್ಯಾವ."

ಅವನ ಹೆಂಡತಿ ಕೈಚೀಲ ಹಿಡಿದು ಗೋಡೆಗೊರಗಿ ನಿಂತಿದ್ದಳು. ಇಂದಿರಾನಗರದ ಎರಡು ಮನೆಗಳಲ್ಲಿ ಆಕೆ ಅಡುಗೆ ಮಾಡುತ್ತಿದ್ದಳು. ಬೆಳಗಿನ ಹೊತ್ತು ಗಂಡನೇ ಬಿಟ್ಟುಬರುತ್ತಿದ್ದ. "ಗಾಡಿಗಿ ಒದಿಯೂದು ಬಿಟ್ಟು ಅದಕ್ಕೊಂದೀಟು ಚಹಾ ಕುಡಿಸ್ರಿ, ಎದ್ದೇಳ್ತದ," ಎಂದು ಹೇಳಿ, ನನ್ನ ಕಡೆ ನೋಡಿ ಸಣ್ಣಗೆ ನಕ್ಕು, ಬಸ್ಸಿಗೆ ನಡೆದಳು. ಆಕೆ ನನ್ನೆದುರು ಹಾಗೆ ನಕ್ಕದ್ದು ಅದೇ ಕೊನೆ.

ನನಗೆ ಬೈಕಿನ ಕೆಲಸ ಸ್ವಲ್ಪ ಗೊತ್ತು. ನಾನು ಓದಿದ್ದು ಪರೀಕ್ಷೆಗಳಿಲ್ಲದ, ಶಿಕ್ಷೆಗಳಿಲ್ಲದ ಒಂದು ಶಾಲೆಯಲ್ಲಿ. ಹುಡುಗಿಯರೂ ಸ್ಪ್ಯಾನರು ಹಿಡಿಯಬೇಕೆಂದು ಅಲ್ಲಿ ಒಂದು ಹಳೆಯ ಎಂಜಿನ್ನನ್ನು ಬಿಚ್ಚಿ ಜೋಡಿಸಲು ಕಲಿಸಿದ್ದರು. ಬೈಕು ಸ್ಟಾರ್ಟ್ ಆಗದಿದ್ದರೆ ಮೊದಲು ಕಿಡಿ ಬರುತ್ತಿದೆಯೇ ನೋಡು, ಆಮೇಲೆ ಪೆಟ್ರೋಲು ಬರುತ್ತಿದೆಯೇ ನೋಡು ಎಂಬುದು ಅಲ್ಲಿ ಕಲಿತ ಪಾಠ. ಅದೇ ಶಾಲೆಯಲ್ಲಿ ಇನ್ನೊಂದು ಪಾಠವನ್ನೂ ಕಲಿತಿದ್ದೆ: ತಪ್ಪಾದರೆ, ಕೆಟ್ಟರೆ, ಮುರಿದರೆ ಮುಚ್ಚಿಡದೆ ಹೇಳು; ಹೇಳಿದವರಿಗೆ ಯಾರೂ ಏನೂ ಮಾಡುವುದಿಲ್ಲ. ಅಲ್ಲಿ ಅದು ನಿಜವೇ ಆಗಿತ್ತು. ಮುರಿದ ಕಿಟಕಿಗೆ, ಕಳೆದ ಪುಸ್ತಕಕ್ಕೆ ನನಗೆ ಯಾರೂ ಗದರಿರಲಿಲ್ಲ.

ಕೀಲಿ ಸರಿಯಿತ್ತು. ಎಂಜಿನ್ನು ನಿಲ್ಲಿಸಲು ಹ್ಯಾಂಡಲಿನ ಮೇಲಿರುವ ಕೆಂಪು ಸ್ವಿಚ್ಚು ಆಫ್ ಆಗಿರಲಿಲ್ಲ. ನ್ಯೂಟ್ರಲ್ ದೀಪ ಹತ್ತಿತು, ಹಾರನ್ನು ಕೂಗಿತು, ಬ್ಯಾಟರಿಯ ಪಕ್ಕದ ಫ್ಯೂಸನ್ನು ಬೆಳಕಿಗೆ ಹಿಡಿದರೆ ಒಳಗಿನ ತಂತಿ ಇಡಿಯಾಗಿತ್ತು. ಪ್ಲಗ್ಗನ್ನು ಬಿಚ್ಚಿದೆ. ಒದ್ದೆಯಾಗಿತ್ತು. ಕ್ಯಾಪಿಗೆ ಸಿಕ್ಕಿಸಿ, ಎಂಜಿನ್ನಿನ ಲೋಹಕ್ಕೆ ತಾಗಿಸಿ ಹಿಡಿದು ಒದೆಯಲು ಹೇಳಿದೆ. ಕಿಡಿ ಬಂತು, ಆದರೆ ಮಂಕಾಗಿ, ಕೆಂಪಗೆ. ಬಟ್ಟೆಯಿಂದ ಒರೆಸಿ ಮತ್ತೆ ಹಿಡಿದಾಗ ನೀಲಿಯಾಯಿತು. ತೇವದ ತೊಂದರೆ, ಮಳೆ ನೀರು ವೈರುಗಳಿಗೆ ಇಳಿದಿದೆ ಎಂದು ನಾನು ತೀರ್ಮಾನಿಸಿದೆ. ಒದ್ದೆಯಾದ ಪ್ಲಗ್ಗಿಗೆ ಪೆಟ್ರೋಲಿನ ಗಾಢ ವಾಸನೆ ಇರಬೇಕು. ಅದಕ್ಕೆ ಹೆಚ್ಚು ವಾಸನೆಯಿರಲಿಲ್ಲ. ಮೂಗು ಅದನ್ನು ಗಮನಿಸಿತ್ತು; ತಲೆ ಗಮನಿಸಲಿಲ್ಲ.

ಸೀಟು ತೆಗೆದು, ವೈರುಗಳನ್ನು ಕೂಡಿಸುವ ಕಪ್ಲರುಗಳನ್ನೆಲ್ಲ ಬಿಚ್ಚಿ ಒರೆಸಿದೆವು. ಆಮೇಲೆ, ಪೆಟ್ರೋಲು ಕಡಿಮೆಯಿದ್ದರೂ ಇರಬಹುದೆಂದು, ಟ್ಯಾಂಕಿನ ಕೆಳಗೆ ಪೆಟ್ರೋಲು ಬಿಡುವ ಕಾಕನ್ನು ನಾನೇ ರಿಸರ್ವ್‌ಗೆ ತಿರುಗಿಸಿದೆ. ರಿಸರ್ವ್ ಎಂದರೆ ಟ್ಯಾಂಕಿನ ತೀರಾ ತಳದಿಂದ ಎಳೆಯುವ ದಾರಿ. ಇದನ್ನು ಏಕೆ ಹೇಳಬೇಕಾಯಿತೆಂಬುದು ಮುಂದೆ ತಿಳಿಯುತ್ತದೆ. ಎಂಜಿನ್ನು ಒಂದು ನಿಮಿಷ ಕೆಮ್ಮುತ್ತ ಓಡಿತು, ಮತ್ತೆ ನಿಂತಿತು.

ಅಷ್ಟರಲ್ಲಿ ಅವನು ಹಿಡಿದಿದ್ದ ಸ್ಲಾಟಿನ, ಎಂದರೆ ಮೊದಲೇ ಒಪ್ಪಿಕೊಂಡ ಪಾಳಿಯ, ವೇಳೆ ಹತ್ತಿರವಾಗಿತ್ತು. ಮೇಲಿನ ಅಂತಸ್ತಿನಿಂದ ಅವನ ಗೆಳೆಯನೊಬ್ಬ ಹಲ್ಲುಜ್ಜುತ್ತ ಇಳಿದುಬಂದ. ಅದೇ ಕಂಪನಿಯ ಸವಾರ, ಅಂದು ಅವನಿಗೆ ರಜೆ. ಬೈಕನ್ನು ನೋಡಿ, ವಿಷಯ ಕೇಳದೆಯೇ ಕೈ ಚಾಚಿದ.

"ಫೋನ್ ಕೊಡು ಮಗಾ. ಇವತ್ತು ನಿನ್ ಐಡಿ ನಾನ್ ಓಡಿಸ್ತೀನಿ."

ಸವಾರರಲ್ಲಿ ಇದು ವಾಡಿಕೆ. ಒಬ್ಬನ ಬೈಕು ಕೆಟ್ಟರೆ, ಜ್ವರ ಬಂದರೆ, ಮಗುವಿಗೆ ಆಸ್ಪತ್ರೆಯಾದರೆ, ಇನ್ನೊಬ್ಬ ಅವನ ಫೋನು ಹಿಡಿದು ಅವನ ಹೆಸರಿನಲ್ಲಿ ಪಾಳಿ ಮುಗಿಸುತ್ತಾನೆ. ಆ್ಯಪು ಮುಖ ಕೇಳಿದಾಗ ಫೋನಿನ ಯಜಮಾನ ಎಲ್ಲಿದ್ದರೂ ಓಡಿಬಂದು ಮುಖ ತೋರಿಸುತ್ತಾನೆ. ಕಂಪನಿಯ ನಿಯಮದಲ್ಲಿ ಇದು ನಿಷಿದ್ಧ. ಇದಕ್ಕೆ ಬದಲಾಗಿ ಆ್ಯಪಿನಲ್ಲಿ 'ವಾಹನ ಕೆಟ್ಟಿದೆ' ಎಂಬ ಒಂದು ಗುಂಡಿಯಿದೆ. ಅದನ್ನು ಯಾರೂ ಒತ್ತುವುದಿಲ್ಲ.

ನಾನು ಅಡ್ಡ ಬಂದೆ. ನಿಯಮಗಳ ಪುಟವನ್ನು ತೆರೆಸಿ, ಇಂಗ್ಲಿಷಿನಲ್ಲಿದ್ದುದನ್ನು ಕನ್ನಡದಲ್ಲಿ ಓದಿ ಹೇಳಿದೆ: ವಾಹನ ಕೆಟ್ಟುದಕ್ಕೆ ಸವಾರರಿಗೆ ದಂಡವಿಲ್ಲ, ಪ್ರತಿ ವರದಿಯನ್ನೂ ಪರಿಶೀಲಿಸಲಾಗುವುದು. "ಬರೆದಿದ್ದಾರಲ್ಲ. ಸುಳ್ಳು ಹೇಳಿ ಸಿಕ್ಕಿಬಿದ್ದರೆ ನಾಳೆ ನಿಮ್ಮ ಪರವಾಗಿ ವಾದಿಸೋಕೆ ನನ್ನ ಹತ್ರ ಏನೂ ಇರಲ್ಲ. ಇದ್ದದ್ದನ್ನ ಇದ್ದ ಹಾಗೆ ಹೇಳಿ."

"ಆ ಬಟನ್ ಒತ್ತಿ ಉದ್ಧಾರ ಆದೋನ್ನ ನಾನಂತೂ ನೋಡಿಲ್ಲ ಮೇಡಂ," ಎಂದ ಗೆಳೆಯ, ಬಾಯಲ್ಲಿ ಬ್ರಷ್ಷಿಟ್ಟುಕೊಂಡೇ. "ಬರೆಯೋರು ಬೇರೆ, ಬ್ಲಾಕ್ ಮಾಡೋರು ಬೇರೆ."

ಸವಾರ ಇಬ್ಬರ ಮುಖವನ್ನೂ ನೋಡಿದ. ನಾನು ಓದಿದವಳು, ವಕೀಲರ ಜೊತೆ ಮಾತಾಡುವವಳು. "ಅಕ್ಕಾರಿಗಿ ತಿಳೀತದ," ಎಂದು ಗುಂಡಿಯನ್ನು ಒತ್ತಿದ. ಪರದೆಯ ಮೇಲೆ ಹಸಿರು ಅಕ್ಷರಗಳಲ್ಲಿ ಧನ್ಯವಾದ ಮೂಡಿತು. ನನಗೆ ಸಂತೋಷವಾಯಿತೆಂಬುದನ್ನು ಇಲ್ಲಿ ಬರೆಯದಿದ್ದರೆ ಈ ಬರಹಕ್ಕೆ ಬೆಲೆಯಿಲ್ಲ.

ಮಂಗಳವಾರ ಬೆಳಗ್ಗೆ ಸವಾರನೂ ಗೆಳೆಯನೂ ಸೇರಿ, ಗೆಳೆಯನ ಬೈಕಿನ ಆಸರೆಯಲ್ಲಿ ತಳ್ಳಿಕೊಂಡು ಹೋಗಿ, ಹೊಸ ತಿಪ್ಪಸಂದ್ರದ ಮಾರುಕಟ್ಟೆ ರಸ್ತೆಯ ಒಂದು ಗ್ಯಾರೇಜಿಗೆ ಬೈಕನ್ನು ಒಪ್ಪಿಸಿದರು. ನಾನೂ ಜೊತೆಗೆ ಹೋದೆ. ಅಲ್ಲಿನ ಮೆಕ್ಯಾನಿಕ್ ನನ್ನ ತೇವದ ಸಿದ್ಧಾಂತವನ್ನು ಒಪ್ಪಿ, ಇನ್ನೊಂದು ಹೆಜ್ಜೆ ಮುಂದಕ್ಕೆ ಹೋದ. "ಸಿಡಿಐ ಹೋಗೈತೆ ಗುರು," ಎಂದು, ಕಿಡಿಯ ಹೊತ್ತನ್ನು ನಿಯಂತ್ರಿಸುವ ಆ ಕಪ್ಪು ಡಬ್ಬಿಯನ್ನು ಬದಲಿಸಿದ. ಬದಲಿಸುವಾಗ, ಇರಲಿ ಎಂದು, ಕಾರ್ಬುರೇಟರಿನ ಕೆಳಗಿನ ಬಟ್ಟಲನ್ನೂ ಬಿಚ್ಚಿ ಅದರಲ್ಲಿದ್ದುದನ್ನು ನೆಲಕ್ಕೆ ಚೆಲ್ಲಿ ಮತ್ತೆ ಹಾಕಿದ. ಬೈಕು ಒಂದೇ ಒದೆತಕ್ಕೆ ಹೊತ್ತಿಕೊಂಡಿತು. ಕೀರ್ತಿ ಹೊಸ ಡಬ್ಬಿಗೆ ಹೋಯಿತು. ಚೆಲ್ಲಿದ್ದು ಏನು ಎಂದು ಯಾರೂ ನೆಲದ ಕಡೆ ನೋಡಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅದು ವಿಮಾನಪುರದ ಬಳಿ, ಕಾರ್ಖಾನೆಯ ಉದ್ದ ಗೋಡೆಯ ಪಕ್ಕದಲ್ಲಿ, ಯಾರದೋ ಊಟದ ಪೊಟ್ಟಣ ಸವಾರನ ಬೆನ್ನಿನ ಚೀಲದಲ್ಲಿರುವಾಗಲೇ ನಿಂತುಬಿಟ್ಟಿತು. ಸವಾರ ಈ ಸಲ ನನ್ನನ್ನು ಕೇಳಲಿಲ್ಲ. ಮೊದಲ ಸಲ ಒತ್ತಿದಾಗ ಕೆಡುಕೇನೂ ಆಗಿರಲಿಲ್ಲವಲ್ಲ. ತಾನೇ ಗುಂಡಿಯನ್ನು ಒತ್ತಿದ. ಹಸಿರು ಧನ್ಯವಾದ ಮತ್ತೆ ಬಂತು.

ಬುಧವಾರ ಬೆಳಗ್ಗೆ ಬೈಕು ಸ್ಟಾರ್ಟ್ ಆಯಿತು. ಯಂತ್ರವೊಂದು ಪೂರ್ತಿ ಕೆಟ್ಟರೆ ಮನುಷ್ಯ ಬೇರೆ ದಾರಿ ನೋಡುತ್ತಾನೆ. ಹೀಗೆ ಒಮ್ಮೆ ಓಡಿ ಒಮ್ಮೆ ನಿಂತರೆ ಅದರ ಹಿಂದೆಯೇ ಅಲೆಯುತ್ತಾನೆ. ಹನ್ನೆರಡರ ಸುಮಾರಿಗೆ ಹಲಸೂರು ಕೆರೆಯ ಬಳಿಯಿಂದ ಅವನ ಕರೆ ಬಂತು.

"ಮತ್ತ ನಿಂತದ್ರಿ. ಆ ಬಟನ್ ಒತ್ತೀನಿ. ಮೂರನೇದಾಯ್ತು. ಮನಸಿಗ್ಯಾಕೋ ಸಮಾಧಾನ ಇಲ್ರಿ ಅಕ್ಕಾರ."

ಕಚೇರಿಯಿಂದ ನನ್ನ ಸ್ಕೂಟರಿನಲ್ಲಿ ಹೋದೆ. ಕೆರೆಯ ಕಂಬಿಗೆ ಒರಗಿ ನಿಂತಿದ್ದ. ಅಂಗಿಯ ಬೆನ್ನು ಪೂರ್ತಿ ತೊಯ್ದಿತ್ತು. ಶಿವಾಜಿನಗರದಲ್ಲಿ, ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ, ನನ್ನ ಕಚೇರಿಯವರು ನಂಬುವ ಒಬ್ಬ ವಯಸ್ಸಾದ ಮೆಕ್ಯಾನಿಕ್ ಇದ್ದರು. ಅಲ್ಲಿಯವರೆಗೆ ಬೈಕನ್ನು ತಳ್ಳಿಕೊಂಡು ಹೋದದ್ದು ಈ ಊರಿನ ಎಲ್ಲರೂ ಬಲ್ಲ ರೀತಿಯಲ್ಲಿ: ಅವನು ಬೈಕಿನ ಮೇಲೆ ಕುಳಿತ, ನಾನು ಪಕ್ಕದಲ್ಲಿ ಸ್ಕೂಟರು ಓಡಿಸುತ್ತ ಬಲಗಾಲನ್ನು ಅವನ ಹಿಂದಿನ ಫುಟ್‌ರೆಸ್ಟಿಗೆ ಕೊಟ್ಟೆ. ಹಲಸೂರಿನಿಂದ ಶಿವಾಜಿನಗರದವರೆಗೆ, ಬಸ್ಸುಗಳ ನಡುವೆ ಹಾಗೆಯೇ ಹೋದೆವು. ಸಿಗ್ನಲಿನಲ್ಲಿ ಒಬ್ಬ ಆಟೋದವರು ಬಗ್ಗಿ ನೋಡಿ, "ಏನಮ್ಮಾ, ಅಣ್ಣನ್ನ ಮನೆಗೆ ಎಳ್ಕೊಂಡು ಹೋಗ್ತಿದೀರಾ?" ಎಂದರು. ಸವಾರ ನಗಲಿಲ್ಲ.

ಮೆಕ್ಯಾನಿಕ್ ಬೈಕಿಗೆ ಕೈ ಹಚ್ಚುವ ಮೊದಲು ಒಂದೇ ಪ್ರಶ್ನೆ ಕೇಳಿದರು. "ಲಾಸ್ಟ್ ಪೆಟ್ರೋಲ್ ಯಾವಾಗ ಹಾಕಿಸಿದ್ದು ಭಾಯ್?"

"ಐತಾರ ಸಂಜಿಗ್ರಿ. ಮಳಿ ನಿಂತ ಮ್ಯಾಲ."

ಅವರು ತಲೆಯಾಡಿಸಿ ಒಂದು ಖಾಲಿ ನೀರಿನ ಬಾಟಲಿ ತಂದರು. ಕಾಕಿನಿಂದ ಪೈಪನ್ನು ಬಿಡಿಸಿ, ರಿಸರ್ವ್‌ಗೆ ತಿರುಗಿಸಿ, ಟ್ಯಾಂಕಿನಲ್ಲಿದ್ದುದನ್ನು ಬಾಟಲಿಗೆ ಇಳಿಸಿದರು. ಅದನ್ನು ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಬಿಸಿಲಿಗಿಟ್ಟು, ಬೀಡಿ ಹಚ್ಚಲು ಗಲ್ಲಿಯ ಆಚೆ ತುದಿಗೆ ಹೋದರು. ಅವರು ಮರಳಿ ಬರುವಷ್ಟರಲ್ಲಿ ಬಾಟಲಿಯೊಳಗೆ ಒಂದು ಗೆರೆ ಮೂಡಿತ್ತು. ಮೇಲೆ ಕಿತ್ತಳೆ ಬಣ್ಣದ ಪೆಟ್ರೋಲು. ಕೆಳಗೆ ಎರಡು ಬೆರಳಿನಷ್ಟು, ಅಕ್ಕಿ ತೊಳೆದ ನೀರಿನಂತೆ ಮಬ್ಬಾದ ನೀರು.

"ಗಾಡೀದು ಏನೂ ತಪ್ಪಿಲ್ಲ ಮೇಡಂ. ಕರೆಂಟು ಸರಿ ಐತೆ. ಈಗಿನ ಪೆಟ್ರೋಲಲ್ಲಿ ಸ್ಪಿರಿಟ್ಟು ಸೇರಿಸ್ತಾರಲ್ಲ, ಅದು ಸ್ವಲ್ಪ ನೀರಿದ್ರೆ ಕುಡ್ಕೊಂಡ್ಬಿಡ್ತೈತೆ. ಜಾಸ್ತಿ ಆದ್ರೆ ಅದನ್ನೂ ಕರ್ಕೊಂಡು ಕೆಳಗೆ ಕೂತ್ಕೊಂಡ್ಬಿಡ್ತೈತೆ. ನೀರು ಎಂಜಿನ್‌ಗೆ ಹೋದ್ರೆ ನಿಲ್ಲುತ್ತೆ, ಅಲ್ಲಾಡಿ ಚದುರಿದ್ರೆ ಓಡುತ್ತೆ. ಅದಕ್ಕೇ ಮೂರು ದಿನ ಆಟ ಆಡಿಸ್ತು."

ಅದೇ ಬಂಕಿನಲ್ಲಿ ಅದೇ ಸಂಜೆ ಎಷ್ಟೋ ಜನ ಹಾಕಿಸಿಕೊಂಡಿರಬೇಕಲ್ಲ, ಅವರ ಗಾಡಿಗಳೆಲ್ಲ ಏಕೆ ನಿಲ್ಲಲಿಲ್ಲ ಎಂದು ಕೇಳಿದೆ.

"ಅರ್ಧ ಟ್ಯಾಂಕ್ ಇಟ್ಕೊಂಡು ಓಡಾಡೋರಿಗೆ ನೀರು ತಳದಲ್ಲಿ ಮಲಗಿರ್ತೈತೆ. ಗೊತ್ತೇ ಆಗಲ್ಲ. ಇವರು ಹಂಗಲ್ಲ ಮೇಡಂ. ಒಂದು ಲೀಟರ್ ಹಾಕು, ಮುಗಿಸು, ಒಂದು ಲೀಟರ್ ಹಾಕು. ರಿಸರ್ವ್‌ನಲ್ಲೇ ಜೀವನ."

ಸೋಮವಾರ ಆ ಕಾಕನ್ನು ತಳಕ್ಕೆ ತಿರುಗಿಸಿದ ಕೈ ನನ್ನದು. ಅದನ್ನು ನಾನು ಅಲ್ಲಿಯೇ ಹೇಳಿದೆ. "ಬಿಡಿ, ತಿರುಗಿಸದೇ ಇದ್ರೂ ಸಾಯಂಕಾಲಕ್ಕೆ ಅವನೇ ತಿರುಗಿಸ್ತಿದ್ದ," ಎಂದು ಅವರು ಟ್ಯಾಂಕನ್ನು ಬಿಚ್ಚಿ ಒಣಗಿಸಲು ತೊಡಗಿದರು. ಸಂಜೆಯ ಹೊತ್ತಿಗೆ ಬೈಕು ಸರಿಯಾಯಿತು. ಸವಾರನ ಮುಖವೂ ಸ್ವಲ್ಪ ಸಡಿಲಾಯಿತು. ಬಾಟಲಿಯ ಮುಚ್ಚಳ ಬಿಗಿದು ನನ್ನ ಚೀಲದಲ್ಲಿ ಇಟ್ಟುಕೊಂಡೆ. ಸಾಕ್ಷ್ಯ ಸಿಕ್ಕಿದೆ, ಇನ್ನು ನ್ಯಾಯ ಕೇಳುವುದಷ್ಟೇ ಬಾಕಿ ಎಂಬ ಭಾವನೆ ನನ್ನಲ್ಲಿತ್ತು.

ಗುರುವಾರ ಬೆಳಗ್ಗೆ ಇಬ್ಬರೂ ಬಂಕಿಗೆ ಹೋದೆವು. ಮ್ಯಾನೇಜರು ಬಾಟಲಿಯನ್ನು ಮುಟ್ಟಲಿಲ್ಲ.

"ಬಿಲ್ ಇದೆಯಾ?"

ಬಿಲ್ಲಿರಲಿಲ್ಲ. ಒಂದು ಲೀಟರಿಗೆ ಬಿಲ್ಲು ಕೇಳಿದರೆ ಹಿಂದಿನ ಸಾಲು ಹಾರನ್ನು ಬಾರಿಸುತ್ತದೆ.

"ಯಾರೋ ಬಾಟ್ಲಿಗೆ ನಲ್ಲಿ ನೀರು ಬಿಟ್ಕೊಂಡು ಬಂದ್ರೆ ನಾನೇನು ಮಾಡ್ಲಿ ಮೇಡಂ? ಬನ್ನಿ, ಬೇಕಾದ್ರೆ ಟೆಸ್ಟ್ ತೋರಿಸ್ತೀನಿ." ಫಿಲ್ಟರ್ ಕಾಗದದ ತುಂಡೊಂದನ್ನು ತಂದು, ನಳಿಕೆಯಿಂದ ಒಂದು ಹನಿ ಬೀಳಿಸಿದರು. ಹನಿ ಆರಿತು, ಕಲೆ ಉಳಿಯಲಿಲ್ಲ. "ನೋಡಿ. ಕ್ಲೀನ್."

ಗುರುವಾರದ ಒಂದು ಹನಿ ಭಾನುವಾರದ ನೀರಿನ ಬಗ್ಗೆ ಏನನ್ನೂ ಹೇಳುವುದಿಲ್ಲವೆಂದು ಅವರಿಗೂ ಗೊತ್ತಿತ್ತು. ಮಳೆಯ ನಂತರ ನೆಲದಡಿಯ ತೊಟ್ಟಿಗೆ ಅಳತೆ ಕೋಲನ್ನು ಇಳಿಸಿ, ಅದಕ್ಕೆ ಬಳಿದ ಮುಲಾಮು ನೀರು ತಾಗಿ ಬಣ್ಣ ಬದಲಿಸಿದೆಯೇ ಎಂದು ನೋಡುವ ಪದ್ಧತಿಯಿದೆ. ಅಂದು ನೋಡಿದ್ದೀರಾ, ಎಲ್ಲಿ ಬರೆದಿದ್ದೀರಿ, ತೋರಿಸಿ ಎಂದೆ. ಪುಸ್ತಕ ಮಾಲೀಕರ ಬಳಿ ಇದೆ ಎಂದರು. ಮಾಲೀಕರು ಊರಲ್ಲಿಲ್ಲ ಎಂದರು. ಅವರ ನಂಬರು ಕೊಡುವಂತಿಲ್ಲ ಎಂದರು. ನನ್ನ ದನಿ ಏರಿತು. ಪೆಟ್ರೋಲು ಹಾಕಿಸಲು ನಿಂತಿದ್ದವರು ಫೋನು ತೆಗೆದು ಚಿತ್ರೀಕರಿಸತೊಡಗಿದರು.

"ಹೋಗೂಣ್ರಿ ಅಕ್ಕಾರ," ಎಂದ ಸವಾರ. "ಹನ್ನೊಂದಕ್ಕ ಸ್ಲಾಟ್ ಅದ."

ಬಂಕಿನ ಅಂಗಳದಲ್ಲಿಯೇ, ಗಾಳಿ ಹಾಕುವ ಯಂತ್ರದ ಪಕ್ಕ ನಿಂತು ಅವನು ಆ್ಯಪನ್ನು ತೆರೆದ. ಸ್ವಲ್ಪ ಹೊತ್ತು ನೋಡಿದ. ಆಮೇಲೆ ಫೋನನ್ನು ನನ್ನ ಕೈಗೆ ಕೊಟ್ಟ. ಮೂರು ದಿನಗಳಲ್ಲಿ ಮೂರು ವರದಿ ಬಂದುದರಿಂದ ವಾಹನವು ಭರವಸೆಗೆ ಅರ್ಹವಲ್ಲವೆಂದು ಕಂಡುಬಂದಿದೆ, ಖಾತೆಯನ್ನು ಪರಿಶೀಲನೆಯಲ್ಲಿಡಲಾಗಿದೆ ಎಂದು ಬರೆದಿತ್ತು. ಕೆಳಗೆ ಸಹಿಯಿರಲಿಲ್ಲ. ಉತ್ತರ ಬರೆಯಲು ಜಾಗವೂ ಇರಲಿಲ್ಲ.

ಅವನ ಬೈಕಿನಲ್ಲೇ ಇಂದಿರಾನಗರಕ್ಕೆ ಹೋದೆವು. ದಾರಿಯುದ್ದಕ್ಕೂ ಎಂಜಿನ್ನು ಒಂದು ಸಲವೂ ತಡವರಿಸಲಿಲ್ಲ. ಕಂಪನಿಯ ದಾಸ್ತಾನು ಕೋಣೆಯೊಂದರ ಬಾಗಿಲಲ್ಲಿ ಟೀಮ್ ಲೀಡರ್ ಎನ್ನಿಸಿಕೊಂಡ ತರುಣನೊಬ್ಬ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡಿದ್ದ. ನಾನು ಬಾಟಲಿಯನ್ನು ತೋರಿಸಿ, ಶಿವಾಜಿನಗರದ ಮೆಕ್ಯಾನಿಕ್ ಬರೆದುಕೊಟ್ಟ ಚೀಟಿಯನ್ನು ಮುಂದಿಟ್ಟು, ಎಲ್ಲವನ್ನೂ ಕ್ರಮವಾಗಿ ವಿವರಿಸಿದೆ. ಅವನು ಕೆಟ್ಟವನಲ್ಲ. ಕೊನೆಯವರೆಗೆ ಕೇಳಿದ.

"ಎಲ್ಲಾ ಸರಿ ಮೇಡಂ. ಆದ್ರೆ ನನ್ ಕೈಲಿ ಏನೂ ಇಲ್ಲ, ಸಿಸ್ಟಮ್ ಮಾಡತ್ತೆ. ಅನ್‌ಬ್ಲಾಕ್ ಮಾಡೋ ಆಪ್ಷನ್ನೇ ನನಗೆ ಬರಲ್ಲ." ಆಮೇಲೆ ಸವಾರನ ಕಡೆ ತಿರುಗಿ, "ಬ್ರೋ, ಯಾರು ನಿಂಗೆ ಆ ಬಟನ್ ಒತ್ತು ಅಂದಿದ್ದು? ಯಾರ ಕೈಗಾದ್ರೂ ಫೋನ್ ಕೊಟ್ಟಿದ್ರೆ ನಾನೂ ಕಣ್ಮುಚ್ಕೊಂಡು ಇರ್ತಿರ್ಲಿಲ್ವಾ?"

ಸವಾರ ನೆಲ ನೋಡಿದ. "ಯಾರೂ ಅಂದಿಲ್ರಿ. ನಾನೇ ಒತ್ತೀನಿ."

"ಹೇಳಿದ್ದು ನಾನು," ಎಂದೆ.

ಟೀಮ್ ಲೀಡರ್ ನನ್ನ ಕಡೆ ತಿರುಗಿದ. ದನಿಯಲ್ಲಿ ವ್ಯಂಗ್ಯವಿರಲಿಲ್ಲ, ಬೇಸರವಿತ್ತು. "ನೀವು ಹೇಳ್ಬಹುದು ಮೇಡಂ. ನಿಮಗೆ ಐಡಿ ಇಲ್ವಲ್ಲ."

ಅಂದಿನಿಂದ ನಾನು ಬರೆದ ದೂರುಗಳಿಗೆ ಲೆಕ್ಕವಿಟ್ಟಿಲ್ಲ. ಕಂಪನಿಯ ಸಹಾಯವಾಣಿಯಲ್ಲಿ ಮಾತಾಡುವುದು ಯಂತ್ರ. ಕನ್ನಡಕ್ಕೆ ಎರಡನ್ನು ಒತ್ತಿದರೆ ಹಿಂದಿಯಲ್ಲಿ ಮಾತಾಡುತ್ತದೆ. ತೂಕ ಮತ್ತು ಅಳತೆಗಳನ್ನು ನೋಡುವ ಕಚೇರಿಯವರು, ಬಿಲ್ಲಿಲ್ಲದ ಪೆಟ್ರೋಲಿನ ಬಗ್ಗೆ ದೂರು ಸ್ವೀಕರಿಸಲಾಗದು ಎಂದು ಬಾಯಿಮಾತಿನಲ್ಲಿ ಹೇಳಿದರು. ಬರೆದು ಕೊಡಿ ಎಂದಾಗ ಕೊಡಲಿಲ್ಲ. ಸವಾರ ಗೆಳೆಯನ ಸಹಾಯದಿಂದ ಹೊಸ ಐಡಿ ತೆರೆಯಲು ನೋಡಿದ; ಆ್ಯಪು ಅವನ ಮುಖವನ್ನು ಗುರುತು ಹಿಡಿದು ತಿರಸ್ಕರಿಸಿತು. ಇನ್ನೊಂದು ಕಂಪನಿಯವರು ಅಷ್ಟು ಹಳೆಯ ಬೈಕು ನಡೆಯುವುದಿಲ್ಲ ಎಂದರು. ಪರಿಶೀಲನೆ ಎಂಬ ಪದ ಅವನ ಫೋನಿನಲ್ಲಿ ಇಂದಿಗೂ ಹಾಗೆಯೇ ಇದೆ. ಪರಿಶೀಲಿಸುತ್ತಿರುವವರು ಯಾರು, ಎಲ್ಲಿ ಕುಳಿತಿದ್ದಾರೆ, ಅವರಿಗೆ ಈ ಬಾಟಲಿಯನ್ನು ಹೇಗೆ ತೋರಿಸುವುದು ಎಂಬುದನ್ನು ಹೇಳಬಲ್ಲ ಒಬ್ಬರನ್ನೂ ನಾನು ಕಂಡಿಲ್ಲ.

ಫೋನನ್ನು ಗೆಳೆಯನ ಕೈಗೆ ಕೊಡುವ ವಾಡಿಕೆಯನ್ನು ನಾನು ಮೋಸವೆಂದು ಎಣಿಸಿದ್ದೆ. ವಿಮೆಯಿಲ್ಲದ, ರಜೆಯಿಲ್ಲದ, ಕೇಳುವವರಿಲ್ಲದ ಕೆಲಸದಲ್ಲಿ ಅವರೇ ಕಟ್ಟಿಕೊಂಡಿದ್ದ ವಿಮೆ ಅದು. ನನ್ನ ಶಾಲೆಯಲ್ಲಿ ಸತ್ಯ ಹೇಳಿದವರನ್ನು ಕಾಯಲು ಒಬ್ಬರು ಕುಳಿತಿದ್ದರು. ಅಂಥವರಿಲ್ಲದ ಕಡೆ ಸತ್ಯ ಹೇಳಲು ಇನ್ನೊಬ್ಬನನ್ನು ಮುಂದೆ ತಳ್ಳಿದೆ. ನಾನು ಕಂಪನಿಯ ಮಾತನ್ನು ನಂಬಿದೆ, ಹಲ್ಲುಜ್ಜುತ್ತ ನಿಂತಿದ್ದವನ ಅನುಭವವನ್ನು ನಂಬಲಿಲ್ಲ. ಅಚ್ಚಿನಲ್ಲಿರುವುದಕ್ಕೆ ಬಾಯಲ್ಲಿರುವುದಕ್ಕಿಂತ ಹೆಚ್ಚು ತೂಕ ಕೊಡುವ ಈ ಅಭ್ಯಾಸ ನನ್ನ ವರ್ಗದ್ದು. ಹೆಸರಿಸಬೇಕಾದ ತಪ್ಪುಗಳ ನಡುವೆ ಅದನ್ನೂ ಹೆಸರಿಸುತ್ತಿದ್ದೇನೆ.

ಅವನು ಈಗ ಕೆ.ಆರ್. ಪುರದ ಕಡೆ ಒಂದು ಗೋದಾಮಿನಲ್ಲಿ ಸಿಮೆಂಟು ಚೀಲ ಇಳಿಸುತ್ತಾನೆ. ಕೆಲಸ ಇದ್ದ ದಿನ ಕರೆಯುತ್ತಾರೆ. ಸಂಜೆ ನಲ್ಲಿಯ ಬಳಿ ಕೈ ತೊಳೆಯುವಾಗ ಬೆರಳ ಸಂದುಗಳಲ್ಲಿ ಸಿಮೆಂಟು ತಿಂದ ಚರ್ಮ ಕಾಣುತ್ತದೆ. ನನ್ನನ್ನು ಕಂಡರೆ ಮೊದಲಿನಂತೆಯೇ "ಉಂಡ್ರಿ ಅಕ್ಕಾರ?" ಎನ್ನುತ್ತಾನೆ, ಆ ವಿಷಯವನ್ನು ಎಂದೂ ಎತ್ತಿಲ್ಲ. ಎತ್ತಿದವಳು ಅವನ ಹೆಂಡತಿ, ಅದೂ ಒಮ್ಮೆ. ತುಂಬಿದ ಕೊಡವನ್ನು ಸೊಂಟಕ್ಕೇರಿಸಿಕೊಳ್ಳುತ್ತ ಹೇಳಿದಳು:

"ನೀವು ಚಲೋ ಮನಸ್ಸಿನವರಿದ್ದೀರಿ. ಅದಕ್ಕೇ ಹೇಳ್ಲತ್ತೀನಿ. ನಮ್ಮ ಮನಿಯವರಿಗಿ ಇನ್ನ ಏನೂ ಹೇಳಬ್ಯಾಡ್ರಿ."

ಹೇಳುವುದಿಲ್ಲವೆಂದು ಆಕೆಗೆ ಮಾತು ಕೊಟ್ಟಿದ್ದೇನೆ. ಹಾಗಾಗಿ ಇನ್ನು ಹೇಳಬೇಕಾದವರಿಗೇ ಹೇಳುತ್ತೇನೆ.

ಬಂಕಿನ ಮಾಲೀಕರೇ, ಮಳೆ ಬಂದ ಪ್ರತಿ ದಿನ, ಮತ್ತೆ ಮಾರಾಟ ಶುರುಮಾಡುವ ಮೊದಲು ತೊಟ್ಟಿಗೆ ಕೋಲನ್ನು ಇಳಿಸಿ ನೋಡಿ. ಕಂಡದ್ದನ್ನು, ನೋಡಿದ ಹೊತ್ತನ್ನು, ನೋಡಿದವರ ಹೆಸರನ್ನು ಪಂಪಿನ ಪಕ್ಕದ ಹಲಗೆಯ ಮೇಲೆ ಕನ್ನಡದಲ್ಲಿ ಬರೆಯಿಸಿ. ಒಂದು ಲೀಟರ್ ಕೊಳ್ಳುವವರಿಗೂ ಕೇಳದೆಯೇ ಬಿಲ್ಲು ಕೊಡಿ. ಆ ಭಾನುವಾರದ ಪುಟವನ್ನು ನಮಗೆ ತೋರಿಸಿ. ಪುಟ ಖಾಲಿಯಿದ್ದರೆ, ಖಾಲಿಯಿದೆ ಎಂದು ಬರೆದುಕೊಡಿ.

ಕಂಪನಿಯ ನಿರ್ದೇಶಕರೇ, ವಾಹನ ಕೆಟ್ಟ ವರದಿಯನ್ನು ಸವಾರನ ವಿರುದ್ಧ ಎಣಿಸುವುದನ್ನು ನಿಲ್ಲಿಸಿ, ಇಲ್ಲವೇ ಆ ಗುಂಡಿಯನ್ನು ತೆಗೆದುಹಾಕಿ. ಐಡಿಯನ್ನು ಮುಚ್ಚುವ ಮುನ್ನ ಸವಾರನ ಮಾತು ಕೇಳಲು ಈ ಊರಿನಲ್ಲಿ, ಕನ್ನಡ ಬಲ್ಲ, ಮುಚ್ಚಿದ್ದನ್ನು ತೆರೆಯುವ ಅಧಿಕಾರವುಳ್ಳ ಒಬ್ಬ ಮನುಷ್ಯನನ್ನು ಕೂರಿಸಿ. ಮತ್ತು ಮೊದಲ ಕೆಲಸವಾಗಿ, ರಾಮಮೂರ್ತಿ ನಗರದ ಈ ಸವಾರನ ಖಾತೆಯಿಂದ ಆ ಮೂರು ವರದಿಗಳನ್ನು ಅಳಿಸಿ, ಹದಿನೈದು ದಿನಗಳೊಳಗೆ ಅವನ ಐಡಿಯನ್ನು ತೆರೆಯಿರಿ. ತೆರೆದಿದ್ದೇವೆಂದು ಹೆಸರು ಬರೆದು ಸಹಿ ಹಾಕಿದ ಪತ್ರವನ್ನು ಅವನ ಕೈಗೇ ಕೊಡಿ.